ತೌವು ಎತ್ತಿಕೊಂಡ ಕೀಲಿ

ಫಿಜಿಯ ಲೌಟೋಕಾದ ಅಕಾನಿಸಿಗೆ ಚಿಕ್ಕಂದಿನಿಂದಲೂ ಯಾವುದನ್ನಾದರೂ ಬಿಚ್ಚಿ ನೋಡದಿದ್ದರೆ ಸಮಾಧಾನವಿರಲಿಲ್ಲ. ಚರ್ಚಿನ ರೇಡಿಯೋ ಬಿಚ್ಚಿ, ಮತ್ತೆ ಜೋಡಿಸಲಾಗದೆ ಬೈಸಿಕೊಂಡವಳೇ ಮುಂದೆ ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಕೋಣೆ ಹಿಡಿದಳು. ಅಲ್ಲೊಂದು ಸರ್ವರ್ ಇಟ್ಟು ಚರ್ಚುಗಳ, ರಗ್ಬಿ ತಂಡಗಳ, ಕಡಲ ದಂಡೆಯ ವಸತಿಗೃಹಗಳ ವೆಬ್‌ಸೈಟುಗಳಿಗೆ ಜಾಗ ಕೊಡತೊಡಗಿದಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಮನೆ ಬಾಡಿಗೆಗೆ ಕೊಡುತ್ತೇನೆ, ಬಾಡಿಗೆದಾರರು ಮಾತ್ರ ಕಣ್ಣಿಗೆ ಕಾಣುವುದಿಲ್ಲ ಎನ್ನುತ್ತಿದ್ದಳು.

ಸೈರುಸಿ ಅವಳ ತೌವು, ಅಂದರೆ ಫಿಜಿಯವರ ಲೆಕ್ಕದಲ್ಲಿ ಸಲಿಗೆಯ ನೆಂಟ. ಅವನ ಊರಿಗೂ ಅವಳ ಊರಿಗೂ ಮೂಲದೈವ ಒಂದೇ. ಹಾಗಾಗಿ ಒಬ್ಬರನ್ನೊಬ್ಬರು ಎಷ್ಟು ಹಂಗಿಸಿದರೂ ಕೋಪವಿಲ್ಲ, ಒಬ್ಬರದನ್ನೊಬ್ಬರು ಕೇಳದೆ ಎತ್ತಿಕೊಂಡರೂ ಕಳವಲ್ಲ. ಎತ್ತಿಕೊಂಡದ್ದನ್ನು ವಾಪಸು ಕೇಳುವುದು ಮಾತ್ರ ಇಲ್ಲವೇ ಇಲ್ಲ. ಅವನು ಬಂದು ಹೋದ ಮೇಲೆ ಅವಳ ಕೊಡೆಯೋ ಬೇಯಿಸಿಟ್ಟ ಮರಗೆಣಸೋ ಮಾಯ. ಬರಿಗೈಲಿ ಹೋದನೆಂದರೆ ಮನಸ್ಸು ಮುರಿಯಿತೆಂದೇ ಅರ್ಥ.

ಈ ಸೈರುಸಿಯೂ ಪಕ್ಕದ ನಾಂಡಿಯಲ್ಲಿ ಒಂದು ಸರ್ವರ್ ಇಟ್ಟು ಅದೇ ವ್ಯಾಪಾರ ಶುರುಮಾಡಿದ. ಗಿರಾಕಿಗಳ ಖಾತೆಗಳನ್ನೆಲ್ಲ ನಿಭಾಯಿಸುವ ತಂತ್ರಾಂಶವೊಂದು ಅಕಾನಿಸಿಯ ಬಳಿ ಇತ್ತು. ಅದನ್ನು ತೆರೆಯುವ ಲೈಸೆನ್ಸ್ ಕೀಲಿ, ಅಂದರೆ ಉದ್ದನೆಯ ಒಂದು ಸಂಖ್ಯೆ, ಒಂದು ದಿನ ಸೈರುಸಿಗೆ ಅವಳ ಪರದೆಯ ಮೇಲೆ ಕಂಡಿತು. ಅಂಗೈ ಮೇಲೆ ಬರೆದುಕೊಂಡು ನಡೆದ. ಅವಳು ನೋಡಿಯೂ ನಕ್ಕಳು. ಕೊಡೆ ಒಯ್ದರೆ ತಾನು ನೆನೆಯಬೇಕು. ಈ ಸಂಖ್ಯೆಯಾದರೋ ಅವನು ಒಯ್ದರೂ ತನ್ನಲ್ಲೇ ಉಳಿದಿದೆ. ಇಷ್ಟು ಸುಲಭದ ದಾನ ಯಾರಿಗುಂಟು ಯಾರಿಗಿಲ್ಲ.

ಕೆಲವೇ ದಿನಗಳಲ್ಲಿ ಅವಳ ಯಂತ್ರದಲ್ಲಿ ಆ ತಂತ್ರಾಂಶ ಬಾಗಿಲು ಹಾಕಿಕೊಂಡಿತು. ಸೈಟುಗಳೇನೋ ನಡೆಯುತ್ತಿದ್ದವು. ಆದರೆ ಹೊಸ ಇಮೇಲ್ ತೆರೆಯುವಂತಿಲ್ಲ, ಹೊಸ ಗಿರಾಕಿಯನ್ನು ಸೇರಿಸುವಂತಿಲ್ಲ. ಫೋನಿನ ಮೇಲೆ ಫೋನು. ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ. ಕಂಪನಿಯವರನ್ನು ವಿಚಾರಿಸಿದರೆ, ಒಂದು ಕೀಲಿ ಒಂದೇ ಯಂತ್ರಕ್ಕೆ, ಇನ್ನೊಂದರಿಂದ ತೆಗೆಸಿದರೆ ಮಾತ್ರ ಮತ್ತೆ ತೆರೆಯುತ್ತೇವೆ ಎಂದರು.

ಹಾಗಾದರೆ ತಾನು ಕೊಂಡದ್ದಾದರೂ ಏನು? ಸಿಟ್ಟಿಗಿಂತ ಕುತೂಹಲವೇ ಅವಳನ್ನು ಹೆಚ್ಚು ಕಾಡಿತು. ಮೊದಲ ಸಲ ಷರತ್ತುಗಳನ್ನು ಓದುತ್ತ ಕೂತಳು. ಯಂತ್ರ ತನ್ನದು, ಯಾರಿಗೆ ಬೇಕಾದರೂ ಕೊಡಬಹುದು. ಅದನ್ನು ನಡೆಸುವ ಮೂಲ ತಂತ್ರಾಂಶ ಉಚಿತ, ಕಡಲ ನೀರಿನಂತೆ ಯಾರಾದರೂ ತುಂಬಿಕೊಳ್ಳಬಹುದು. ಮೂರನೆಯದಾದ ಈ ಖಾತೆಗಳ ತಂತ್ರಾಂಶ ಮಾತ್ರ ಉಚಿತವೂ ಅಲ್ಲ, ಕೊಂಡದ್ದೂ ಅಲ್ಲ. ಕಿಟಕಿಯಾಚೆ ಕಬ್ಬಿನ ಲಾರಿ ಹೋಯಿತು. ಆಗ ಹೊಳೆಯಿತು. ತನ್ನ ಕುಲದವರ ನೆಲವನ್ನು ಕಬ್ಬಿನ ರೈತರು ಗುತ್ತಿಗೆಗೆ ಹಿಡಿದಿಲ್ಲವೇ? ಬೆಳೆಯಬಹುದು, ಮನೆ ಕಟ್ಟಬಹುದು. ಕುಲದವರನ್ನು ಕೇಳದೆ ಭಾವಮೈದುನನಿಗೆ ದಾಟಿಸುವಂತಿಲ್ಲ. ಹುಟ್ಟಿನಿಂದ ನೆಲದೊಡತಿಯಾಗಿದ್ದವಳು ಇಲ್ಲಿ ಬರೀ ಗುತ್ತಿಗೆದಾರಳು. ಅವಳಿಗೆ ನಗುವೇ ಬಂತು.

ಅರ್ಥವಾದದ್ದೇನೋ ಸರಿ, ತೌವಿನ ಹತ್ತಿರ ವಾಪಸು ಕೇಳುವುದು ಹೇಗೆ? ಅವರ ಮನೆತನದಲ್ಲಿ ಯಾರೂ ಆಡದ ಮಾತು ಅದು. ಕೊನೆಗೆ ಅವನನ್ನು ಅಂಗಡಿಗೆ ಕರೆಸಿ, ಮೀನು ಮರಗೆಣಸು ಬಡಿಸಿ, ಹೇಳಿಯೇಬಿಟ್ಟಳು.

"ಸೈರುಸಿ, ನೀನು ಎತ್ಕೊಂಡು ಹೋದದ್ದು ನಂದಲ್ಲ ಕಣೋ. ನಿನ್ನ ಮಿಷಿನ್ನಿಂದ ತೆಗೆದುಬಿಡು."

ಅವನ ಕೈಯ ತುತ್ತು ಹಾಗೇ ನಿಂತಿತು. "ನಿಮ್ಮೂರವರು ಜಿಪುಣರು ಅಂತ ನಮ್ಮಜ್ಜ ಹೇಳ್ತಿದ್ದ. ಬರೀ ನಂಬರ್ನೂ ವಾಪಸ್ ಕೇಳೋಷ್ಟು ಅಂತ ಹೇಳಿರಲಿಲ್ಲ."

ಮಾತು ತಮಾಷೆಯದೇ, ಮುಖದಲ್ಲಿ ನಗುವಿರಲಿಲ್ಲ. ಅವಳು ಗುತ್ತಿಗೆ ನೆಲದ ವಿಷಯ ವಿವರಿಸಿದಳು.

"ಕೀಲಿ ಕೊಡೋಕಾಗಲ್ಲ. ಆದ್ರೆ ನನ್ನ ಮಿಷಿನ್ನೊಳಗೆ ಎಷ್ಟು ಜನರನ್ನ ಬೇಕಾದ್ರೂ ಇಟ್ಕೋಬಹುದಂತೆ. ನಿನ್ನ ಗಿರಾಕಿಗಳನ್ನ ಇಲ್ಲಿಗೇ ಕರ್ಕೊಂಡು ಬಾ. ನಿನ್ನವರು ನಿನ್ನವರೇ."

ಕೀಲಿ ತೆಗೀತೀನಿ, ಉಳಿದದ್ದು ನೋಡೋಣ ಎಂದು ಅವನು ಕೈ ತೊಳೆದ. ಮೂಲೆಯಲ್ಲಿ ಹೊಸ ಕೊಡೆಯಿತ್ತು, ಮುಟ್ಟಲಿಲ್ಲ. ಉಳಿದ ಮರಗೆಣಸಿನ ಕಡೆ ತಿರುಗಲೂ ಇಲ್ಲ. ಬರಿಗೈಲಿ ಬಾಗಿಲು ದಾಟಿದ. ಅಂಗಡಿ ಉಳಿಯಿತು, ತೌವು ಹೋದ ಎಂದು ಅಕಾನಿಸಿ ಒಬ್ಬಳೇ ಕೂತು ಅತ್ತಳು.

ಸಂಜೆ ಬೀಗ ಹಾಕಲು ಹೊರಬಂದರೆ ಹೊಸ್ತಿಲ ಬಳಿ ಅವಳ ಚಪ್ಪಲಿ ಇರಲಿಲ್ಲ. ಅವನ ಹೆಬ್ಬೆರಳೂ ಹಿಡಿಸದ ಚಪ್ಪಲಿ. ಅಕಾನಿಸಿ ಇನ್ನೂ ಬಿಸಿಯಾರದ ಡಾಂಬರಿನ ಮೇಲೆ ಬರಿಗಾಲಲ್ಲಿ ಕುಪ್ಪಳಿಸುತ್ತ, ಅವನ ಊರನ್ನೆಲ್ಲ ಬಾಯ್ತುಂಬ ಬೈಯುತ್ತ, ನಗುತ್ತ ಬಸ್ಸಿನ ತನಕ ನಡೆದಳು.