ಊರಿಗೊಂದೇ ಕಾರು

2002ನೇ ಇಸವಿಯಲ್ಲಿ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರು ಶೋರೂಮಿನಲ್ಲಿ ವಾರಂಟಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ, ಮಕ್ಕಳೇ. ಆ ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ನಿಮ್ಮ ಅಜ್ಜ ತೀರಿಕೊಂಡ ಮೇಲೆ, 1993ರಲ್ಲಿ, ಅದೇ ಶೋರೂಮಿನ ಬಿಡಿಭಾಗಗಳ ಕೌಂಟರಿಗೆ ಸೇರಿದ್ದೆ. ಕಲಘಟಗಿ ಕಡೆಯ ಹಳ್ಳಿಯ ಸಾಲೆಯಲ್ಲಿ ಕಲಿತ ನನಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ.

ನಮ್ಮ ಮಾಲಕರು ವೀರಣ್ಣನವರು. ಅವರ ಕೋಣೆಯ ಬಾಗಿಲ ತನಕ ಹೋಗಿ ಮರಳಿ ಬರುತ್ತಿದ್ದೆ. ಹಾಗಾಗಿ ಹೇಳಬೇಕಾದ್ದನ್ನು ನಮ್ಮ ಹಿರಿಯ ಮೆಕ್ಯಾನಿಕ್ ಇಮಾಮಸಾಬರಿಗೆ ಹೇಳುತ್ತಿದ್ದೆ, ಅವರು ಹೋಗಿ ಮಾಲಕರಿಗೆ ಹೇಳುತ್ತಿದ್ದರು. "ಇಮಾಮಸಾಬ, ಇದು ನಿನ್ನ ಮಾತೋ ಅಕ್ಕಾರ ಮಾತೋ?" ಎಂದು ಮಾಲಕರು ಕೇಳುವರು. ಅಕ್ಕಾರ ಎಂದರೆ ನಾನು. "ಅಕ್ಕಾರದ್ರಿ" ಎಂದರೆ, "ಹಂಗಾದ್ರ ಕೂಡ್ರು, ಪೂರಾ ಹೇಳು" ಎನ್ನುವರು. ಒಂಬತ್ತು ವರ್ಷ ಹೀಗೇ ನಡೆದಿತ್ತು. ನನಗೇನೂ ಕೊರತೆ ಅನ್ನಿಸಿರಲಿಲ್ಲ.

ಈಗ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಹೊಸ ಕಾರು ಕೊಂಡರೆ, ಅದನ್ನು ತಯಾರಿಸಿದ ಕಂಪನಿ ಎರಡು ವರ್ಷ ಅಥವಾ ನಲವತ್ತು ಸಾವಿರ ಕಿಲೋಮೀಟರು, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯ ತನಕ ರಿಪೇರಿಯ ಹೊಣೆ ಹೊರುತ್ತಿತ್ತು. ಆಮೇಲಿನ ಹೊಣೆಯನ್ನು ನಾವೇ ಹೊರುವ ಒಂದು ಯೋಜನೆಯನ್ನು ಮಾಲಕರು ತಂದಿದ್ದರು. ಗಿರಾಕಿ ಕಾರು ಕೊಳ್ಳುವ ದಿನವೇ ಐದು ಸಾವಿರ ರೂಪಾಯಿ ಕಟ್ಟಬೇಕು. ಕಂಪನಿಯ ವಾರಂಟಿ ಮುಗಿದ ಮೇಲೆ, ಒಟ್ಟು ನಾಲ್ಕು ವರ್ಷದ ತನಕ, ಎಂಜಿನ್ನು ಕೆಡಲಿ, ಗೇರ್‌ಬಾಕ್ಸು ಕೆಡಲಿ, ಖರ್ಚು ನಮ್ಮದು. ಇದನ್ನು ಎಕ್ಸ್‌ಟೆಂಡೆಡ್ ವಾರಂಟಿ ಎನ್ನುತ್ತಾರೆ. ಬಾಡಿಗೆಗೆ ಓಡಿಸುವ ಗಾಡಿಗೆ ಇದು ಇಲ್ಲ. ಅರ್ಜಿಯಲ್ಲಿ "ಸ್ವಂತಕ್ಕೋ ಬಾಡಿಗೆಗೋ?" ಎಂಬ ಒಂದು ಪ್ರಶ್ನೆ ಇತ್ತು. ಎಲ್ಲರೂ "ಸ್ವಂತಕ್ಕೆ" ಎಂದೇ ಬರೆಯುತ್ತಿದ್ದರು.

ಹೀಗೆ ಬಂದ ಹಣ ಕಾಣಲು ನಮ್ಮದು, ಆದರೆ ನಮ್ಮದಲ್ಲ. ನಮ್ಮ ತವರಿನಲ್ಲಿ ಹಗೇವು ಇತ್ತು, ನೆಲದೊಳಗೆ ಜೋಳ ತುಂಬಿಡುವ ಕಣಜ. ನೆರೆಯವರ ಜೋಳವನ್ನೂ ಅಪ್ಪ ಅದರಲ್ಲಿ ಇಡಿಸಿಕೊಳ್ಳುತ್ತಿದ್ದ. ನಮ್ಮ ಅಂಗಳದಲ್ಲೇ ಇದ್ದರೂ ಅದರಿಂದ ಒಂದು ರೊಟ್ಟಿಯನ್ನೂ ನಾವು ಬಡಿಯುವಂತಿರಲಿಲ್ಲ. ಮುಂದೆ ಬರುವ ರಿಪೇರಿಗೆಂದು ಎತ್ತಿಡುವ ಹಣವೂ ಹಾಗೆಯೇ. ಅದಕ್ಕೆ ರಿಸರ್ವ್ ಎನ್ನುತ್ತಾರೆ. ಎಷ್ಟು ಎತ್ತಿಡಬೇಕು, ಯಾವಾಗ ಬೇಕಾದೀತು ಎಂದು ಅಂದಾಜು ಮಾಡುವುದು ನನ್ನ ಕೆಲಸವಾಗಿತ್ತು. ಎರಡು ವರ್ಷ ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ, ಅಲ್ಲಿಯ ತನಕ ಆ ಹಣವನ್ನು ಧಾರವಾಡದಲ್ಲಿ ಹೊಸ ವರ್ಕ್‌ಶಾಪು ಕಟ್ಟಲು ಬಳಸಬಹುದು ಎಂಬುದು ಮಾಲಕರ ಎಣಿಕೆ. ಜಾಗವನ್ನೂ ನೋಡಿಟ್ಟಿದ್ದರು.

ಆಗ ಬಂದದ್ದು ಮಲ್ಲಪ್ಪನವರ ಗಾಡಿ.

ಮಲ್ಲಪ್ಪ ಧಾರವಾಡದ ಆಚೆಯ ಮುಗದ ಎಂಬ ಹಳ್ಳಿಯ ರೈತರು. ಭತ್ತದ ಗದ್ದೆ ಇತ್ತು, ಕೈಯಲ್ಲಿ ನಾಲ್ಕು ಕಾಸು ಇತ್ತು. ಡೀಸೆಲ್ ಕಾರು ಕೊಂಡು ಹದಿನಾರು ತಿಂಗಳಾಗಿತ್ತು. ಗೇರ್‌ಬಾಕ್ಸು ಹೋಗಿ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಿದ್ದರು. ಮೀಟರು ನಲವತ್ತೊಂದು ಸಾವಿರ ಕಿಲೋಮೀಟರು ತೋರಿಸುತ್ತಿತ್ತು. ನಲವತ್ತು ದಾಟಿದ್ದರಿಂದ ಕಂಪನಿ ಕೈ ಎತ್ತಿತು. ಹೊಣೆ ನಮ್ಮ ಮೇಲೆ ಬಿತ್ತು, ಎಣಿಸಿದ್ದಕ್ಕಿಂತ ಎಂಟು ತಿಂಗಳು ಮೊದಲೇ.

ಮಾಲಕರು ಮೀಟರು ನೋಡಿ ಕೆಂಪಗಾದರು. "ಇಂವಾ ಕಾರ್ ಓಡಿಸ್ಯಾನೋ ರೈಲ್ವೆ ಓಡಿಸ್ಯಾನೋ? ಇದು ಬಾಡಗಿ ಗಾಡಿ. ಸುಳ್ಳ ಬರದು ನಮ್ಮ ತಲಿಗಿ ಕಟ್ಟ್ಯಾನ. 'ಬಾಡಿಗೆಗೆ ಬಳಸಿದ್ದರಿಂದ ವಾರಂಟಿ ರದ್ದು' ಅಂತ ಬರದು ಕೊಡ್ರಿ ಅಕ್ಕಾರ."

ಮಲ್ಲಪ್ಪ ಅಲ್ಲೇ ನಿಂತಿದ್ದರು. ಜಗಳವಾಡುತ್ತಾರೆ ಅಂದುಕೊಂಡೆ. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಗೇರಬಾಕ್ಸ್ ಕೊಡಬ್ಯಾಡ್ರಿ ಸಾವ್ಕಾರ. ನಾನ ಹಾಕಸ್ತೇನಿ. ಆದ್ರ ಬಾಡಗಿ ತಗೊಂಡಾನ ಅಂತ ಮಾತ್ರ ಬರದು ಕೊಡಬ್ಯಾಡ್ರಿ. ಬಸರ ಹೆಂಗಸಿನ್ನ ದವಾಖಾನಿಗಿ ಒಯ್ದು ರೊಕ್ಕಾ ಕೇಳಿದಂವಾ ಅಂತ ಆಕೈತಿ. ಊರಾಗ ತಲಿ ಎತ್ತಿ ಹ್ಯಾಂಗ ತಿರಗ್ಲಿ?"

ಆ ಮಾತು ನನಗೆ ನಾಟಿತು. ಮೋಸ ಮಾಡಿದವನು ಹಣ ಕೇಳುತ್ತಾನೆ. ಇವರು ಹಣ ಬಿಟ್ಟು ಹೆಸರು ಕೇಳುತ್ತಿದ್ದರು. ಪತ್ರ ಬರೆಯುವವಳು ನಾನು, ಕೆಳಗೆ ಸಹಿಯೂ ನನ್ನದೇ. ಒಂದು ದಿನ ತಡೆಯಬೇಕೆಂದು ಇಮಾಮಸಾಬರ ಮೂಲಕ ಮಾಲಕರಿಗೆ ಹೇಳಿಸಿದೆ.

ಅಷ್ಟರಲ್ಲಿ ಇಮಾಮಸಾಬರು ಗೇರ್‌ಬಾಕ್ಸು ಬಿಚ್ಚಿದ್ದರು. "ಇಲ್ಲಿ ನೋಡ್ರಿ ಅಕ್ಕಾರ. ಒಬ್ಬ ಡ್ರೈವರ್ ಓಡಿಸಿದ್ರ ಒಂದ ನಮೂನಿ ಸವಿತೈತಿ. ಇದು ಹತ್ತು ನಮೂನಿ ಸವದೈತಿ. ಯಾವನೋ ಒದರಸಾಂವಾ, ಯಾವನೋ ಜಗ್ಗಾಂವಾ." ಹಿಂದಿನ ಸೀಟನ್ನು ಎತ್ತಿದೆವು. ಅದರ ಅಡಿಯಲ್ಲಿ ಮದುವೆಯ ಅಕ್ಕಿಕಾಳು, ಖಾಲಿ ಗುಳಿಗೆ ಚೀಟಿ, ಒಡೆದ ಹಸಿರು ಬಳೆ, ಹುಡುಗರ ಒಂದು ಪೆನ್ಸಿಲ್ ತುಂಡು. ಇಮಾಮಸಾಬರು ನಕ್ಕರು. "ಇದು ಗಾಡಿ ಅಲ್ರಿ, ಓಣಿ."

ಮರುದಿನ ವರ್ಕ್‌ಶಾಪಿನ ಜೀಪಿನಲ್ಲಿ ನಾವಿಬ್ಬರೂ ಮುಗದಕ್ಕೆ ಹೋದೆವು. ಬಸ್ ನಿಲ್ಲುವ ಕಟ್ಟೆಯ ಹತ್ತಿರ ಒಬ್ಬ ಮುದುಕಿ ಮಡಕೆಗಳನ್ನು ಬಿಸಿಲಿಗಿಟ್ಟು ಕುಳಿತಿದ್ದಳು. ಇಮಾಮಸಾಬರು ಜೀಪಿನಿಂದಲೇ ಕೇಳಿದರು, "ಯವ್ವಾ, ಮಲ್ಲಪ್ಪನ ಕಾರು ಧಾರವಾಡಕ್ಕ ಹೋಗಾಕ ಬಾಡಗಿ ಎಷ್ಟ ತಗೋತಾರ?"

"ಬಾಡಗಿ?" ಮುದುಕಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. "ಯಾವೂರವ ಮಾರಾಯಾ ನೀ? ಬಾಡಗಿ ಅಂದ್ರ ಅಂವಾ ನಮ್ಮ ಮನಿ ನೀರ ಕುಡ್ಯಾಂಗಿಲ್ಲ. ಎಣ್ಣಿ ಹಾಕಸ್ತೇವಿ, ಚಾ ಕುಡಸ್ತೇವಿ, ಮುಗೀತು. ನನ್ನ ಮೊಮ್ಮಗ ದವಾಖಾನಿಗಿ ಹೋಗೂ ಹಾದ್ಯಾಗ, ಕೆಲಗೇರಿ ಕೆರಿ ದಂಡಿಮ್ಯಾಗ ಅದ ಗಾಡ್ಯಾಗ ಹುಟ್ಟ್ಯಾನ."

"ಎಲ್ಲಾರೂ ಒಯ್ತಾರೇನ ಯವ್ವಾ?"

"ಊರಾಗ ಇನ್ನೊಂದ ಕಾರ್ ಎಲ್ಲೈತಿ ಒಯ್ಯಾಕ? ಮದವಿಗಿ ಅದ, ಹೆಣ್ಣ ನೋಡಾಕ ಹೋಗಾಕ ಅದ, ಹಾವ ಕಡದ್ರೂ ಅದ. ಅಂವಾ ಖಾಲಿ ಇರಲಿಲ್ಲಂದ್ರ ಅವನ ತಮ್ಮ ಹೊಡಿತಾನ, ತಮ್ಮ ಇರಲಿಲ್ಲಂದ್ರ ಕುಲಕರ್ಣ್ಯಾರ ಹುಡುಗ." ಆಮೇಲೆ ನನ್ನ ಕಡೆ ತಿರುಗಿ ಗದರಿದಳು. "ನೀವ ಏನ ಆ ಗಾಡಿ ಹುಬ್ಬಳ್ಳ್ಯಾಗ ಕಟ್ಟಿ ಹಾಕಿದವ್ರು? ಲಗೂ ಬಿಡ್ರವಾ. ನನ್ನ ಸೊಸಿಗಿ ಮತ್ತ ದಿನಾ ತುಂಬ್ಯಾವ."

ನಾನೂ ಹಳ್ಳಿಯವಳೇ. ನಮ್ಮೂರಿಗೆ ಮೊದಲ ಹೊಲಿಗೆ ಯಂತ್ರ ಬಂದಾಗ ನಮ್ಮ ಕಾಕಿಯ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿದ್ದದ್ದು ನೆನಪಾಯಿತು. ಆ ಯಂತ್ರ "ಸ್ವಂತದ್ದೋ?" ಎಂದು ಯಾರಾದರೂ ಕೇಳಿದ್ದರೆ ಕಾಕಿ ಹೌದು ಎನ್ನುತ್ತಿದ್ದಳು. ಅದು ಖರೆಯೇ. ಆದರೆ ಅದು ಎಷ್ಟು ಸವೆಯುತ್ತದೆ ಎಂಬುದು ಆ ಉತ್ತರದಲ್ಲಿ ಇರುತ್ತಿರಲಿಲ್ಲ.

ಮರಳುವಾಗ ಜೀಪು ಧಾರವಾಡ ದಾಟುವ ಹೊತ್ತಿಗೆ ಅಲ್ಲಿನ ಸಪ್ತಾಪುರ ಬಡಾವಣೆಯ ನಮ್ಮ ಗಿರಾಕಿಗಳು ಮನಸ್ಸಿಗೆ ಬಂದರು. ಅಲ್ಲಿಯ ಪ್ರಾಧ್ಯಾಪಕರ ಕಾರು ವಾರವೆಲ್ಲ ಬಟ್ಟೆ ಹೊದ್ದು ನಿಂತಿರುತ್ತದೆ. ನೆರೆಮನೆಯಲ್ಲೂ ಕಾರು ಇದೆ, ಯಾರೂ ಯಾರದ್ದನ್ನೂ ಕೇಳುವುದಿಲ್ಲ. ಅವರೂ "ಸ್ವಂತಕ್ಕೆ" ಎಂದು ಬರೆದವರೇ, ಮಲ್ಲಪ್ಪನವರಷ್ಟೇ ಐದು ಸಾವಿರ ಕಟ್ಟಿದವರೇ. ಆ ಪ್ರಶ್ನೆಯನ್ನು ಬೇರೆ ಯಾವುದೋ ಊರಿನ ಪದ್ಧತಿ ನೋಡಿ ಮಾಡಿದ್ದರು. ನಮ್ಮ ಕಡೆ ಅದು ಎರಡೂ ಗಾಡಿಗಳನ್ನು ಒಂದೇ ತೂಕಕ್ಕೆ ಹಾಕುತ್ತಿತ್ತು.

ಶೋರೂಮು ಮುಟ್ಟಿದ ಕೂಡಲೇ ಇಮಾಮಸಾಬರಿಗೆ ಎಲ್ಲವನ್ನೂ ವಿವರಿಸಿ, ಒಳಗೆ ಹೋಗಿ ಹೇಳಿರಿ ಎಂದೆ. ಅವರು ಕೈ ಒರೆಸಿಕೊಳ್ಳುತ್ತ ತಲೆಯಾಡಿಸಿದರು. "ಗೇರಬಾಕ್ಸಿಂದು ನಾ ಹೇಳ್ತೇನ್ರಿ. ಇದು ರೇಟಿನ ಮಾತು. ನಡುವ ನಾ ಮರತ್ರ ಮಲ್ಲಪ್ಪಂದು ಮುಗೀತು. ನೀವ ನಡೀರಿ."

ಹೋದೆ. ಬಾಗಿಲಲ್ಲಿ ನಿಂತೇ ಹೇಳಿದೆ. ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಆದರೆ ಲೆಕ್ಕದ ಬಗ್ಗೆ ಅನುಮಾನವಿರಲಿಲ್ಲ.

ಮಾಲಕರು ಪೂರ್ತಿ ಕೇಳಿ, "ಧರ್ಮ ಮಾಡಾಂವಾ ಅಂವಾ, ಗೇರಬಾಕ್ಸ್ ಕೊಡಾಂವಾ ನಾ ಏನು?" ಎಂದರು.

"ನಾವು ಬಾಡಗಿ ಏನಂತ ಕೇಳೇವ್ರಿ. ಅವರು ಅಲ್ಲಂತ ಖರೇನ ಹೇಳ್ಯಾರ. ಗಾಡಿ ಎಷ್ಟ ಓಡತೈತಿ ಅಂತ ನಾವು ಕೇಳೇ ಇಲ್ರಿ."

"ಕೇಳಿದ್ರ ಯಾವಂವಾ ಖರೇ ಹೇಳ್ತಾನ್ರಿ ಅಕ್ಕಾರ? ರೇಟ್ ಹೆಚ್ಚಾಕೈತಿ ಅಂದ್ರ ಎಲ್ಲಾರೂ ಮನ್ಯಾಗ ನಿಲ್ಲಸ್ತೇವಿ ಅಂತಾರ."

"ಅದನ್ನ ಕೇಳೂದ ಬ್ಯಾಡ್ರಿ. ನಿಮ್ಮ ಊರಾಗ, ನಿಮ್ಮ ಓಣ್ಯಾಗ ಇನ್ನ ಎಷ್ಟ ಕಾರು ಅದಾವು ಅಂತ ಕೇಳೋಣ್ರಿ."

"ಅದಕ್ಕೂ ಸುಳ್ಳ ಹೇಳಿದ್ರ?"

"ಊರಿಗೆಲ್ಲಾ ತನ್ನದೊಂದ ಕಾರು ಅಂತ ಹೇಳಾಕ ಯಾರ ನಾಚ್ತಾರ್ರಿ?"

ವೀರಣ್ಣನವರು ಹೊಟ್ಟೆ ಕುಲುಕುವ ಹಾಗೆ ನಕ್ಕರು. ತಮ್ಮ ಸೋದರಮಾವ ಊರಿಗೆ ಮೊದಲ ಕಾರು ತಂದು, ಕೇಳದವರಿಗೂ ಅದನ್ನು ಹೇಳಿಕೊಂಡು ತಿರುಗುತ್ತಿದ್ದ ಕಥೆಯನ್ನು ಅವರೇ ಹೇಳಿದರು. ನಗು ನಿಂತ ಮೇಲೆ ಅವರ ಮುಖ ಗಂಭೀರವಾಯಿತು. ಅವರು ವ್ಯಾಪಾರಸ್ಥರು, ನಾನು ಹೇಳದೆ ಬಿಟ್ಟದ್ದೂ ಅವರಿಗೆ ತಿಳಿದಿತ್ತು. "ಇಂಥಾ ಮಲ್ಲಪ್ಪಗೋಳು ನಮ್ಮಲ್ಲಿ ಎಷ್ಟ ಮಂದಿ ಅದಾರು?"

"ನೂರಕ್ಕ ಇಪ್ಪತ್ತು ಮಂದಿ ಹಳ್ಳ್ಯಾಗಿನವರ ಅದಾರ್ರಿ. ಅವರ ಗಾಡಿಗೋಳು ಎರಡು ವರ್ಷ ಕಾಯಾಂಗಿಲ್ಲ. ಧಾರವಾಡದ ಕಟ್ಟಡಕ್ಕ ಆ ರೊಕ್ಕಾ ಮುಟ್ಟಬ್ಯಾಡ್ರಿ."

ಅವರು ಮೇಜಿನ ಮೇಲಿದ್ದ ಕಟ್ಟಡದ ನಕ್ಷೆಯನ್ನು ಸುತ್ತಿ ಕಪಾಟಿನಲ್ಲಿಟ್ಟರು. "ಗೇರಬಾಕ್ಸ್ ಹಾಕ್ರಿ. ಪತ್ರಾ ಬ್ಯಾಡ" ಎಂದರು. ಅಷ್ಟೇ.

ಗಾಡಿ ಸಿದ್ಧವಾದ ದಿನ ಮಲ್ಲಪ್ಪನವರಿಗೆ ವಾರಂಟಿ ಕಾರ್ಡು ಮರಳಿ ಕೊಟ್ಟೆ. ಬಳಕೆಯ ಮುಂದೆ "ಸ್ವಂತಕ್ಕೆ" ಎಂಬುದು ಇದ್ದ ಹಾಗೇ ಇತ್ತು. ಅದನ್ನು ಬೆರಳಿಟ್ಟು ಓದಿ ಟೊಪ್ಪಿಗೆ ಹಾಕಿಕೊಂಡರು. ಮುದುಕಿಯ ಸೊಸೆಯ ಎರಡನೆಯ ಹೆರಿಗೆ ಈ ಸಲ ದವಾಖಾನೆಯಲ್ಲೇ ಆಯಿತೆಂದು ಆಮೇಲೆ ಕೇಳಿದೆ.

ಮುಂದಿನ ತಿಂಗಳಿಂದ ಮೂರು ದರ ಮಾಡಿದೆವು. ಓಣಿಯಲ್ಲಿ ಬೇರೆ ಕಾರುಗಳಿದ್ದು ನಿಂತಿರುವ ಗಾಡಿಗೆ ಕಡಿಮೆ, ಪೇಟೆಯ ಗಾಡಿಗೆ ನಡುವಿನದು, ಊರಿಗೊಂದೇ ಗಾಡಿಗೆ ಹೆಚ್ಚು. ರಿಸರ್ವ್ ಲೆಕ್ಕವನ್ನೂ ತಿಂಗಳುಗಳಿಂದ ಕಿಲೋಮೀಟರಿಗೆ ತಿರುಗಿಸಿದೆ. ಪ್ರತಿ ಸರ್ವಿಸಿಗೆ ಗಾಡಿ ಬಂದಾಗ ಮೀಟರು ನೋಡಿ, ಅದು ನಲವತ್ತು ಸಾವಿರ ಯಾವಾಗ ಮುಟ್ಟೀತು ಎಂದು ಅಂದಾಜು ಹಾಕಿ, ಆ ಹೊತ್ತಿಗೆ ಹಣ ಸಿದ್ಧವಿಡುವುದು. ಆ ವರ್ಷ ಹಳ್ಳಿಯ ಗಾಡಿಗಳು ಒಂದರ ಹಿಂದೆ ಒಂದು ಬಂದವು. ಒಂದನ್ನೂ ನಾವು ಹೊರಗೆ ನಿಲ್ಲಿಸಲಿಲ್ಲ. ಧಾರವಾಡದ ವರ್ಕ್‌ಶಾಪು ತಡವಾಗಿ ಆಯಿತು, ಆದರೆ ನಮ್ಮದೇ ಲಾಭದಲ್ಲಿ ಆಯಿತು.

ಈ ಕೆಲಸ ನನಗೆ ಕಲಿಸಿದ್ದು ಇದು, ಮಕ್ಕಳೇ. ಜನ ಸುಳ್ಳು ಹೇಳಿದರು ಎನ್ನುವ ಮೊದಲು ನಾವು ಕೇಳಿದ್ದು ಸರಿಯಾಗಿತ್ತೇ ಎಂದು ನೋಡಬೇಕು. ಅವರು ಹೆಮ್ಮೆಯಿಂದ ಉತ್ತರ ಕೊಡುವಂಥ ಪ್ರಶ್ನೆ ಹುಡುಕಿದರೆ, ಖರೆ ತಾನಾಗಿ ಬರುತ್ತದೆ.

2005ರಲ್ಲಿ ಮಲ್ಲಪ್ಪ ಹೊಸ ಕಾರು ಕೊಂಡರು. "ಊರಾಗ ನಮ್ಮದೊಂದ ಕಾರ್ರಿ" ಎಂದು ಎದೆಯುಬ್ಬಿಸಿ ಹೇಳಿ ಹೆಚ್ಚಿನ ದರವನ್ನೇ ಕಟ್ಟಿದರು. 2009ರಲ್ಲಿ, ನಾನು ನಿವೃತ್ತಳಾಗುವ ವರ್ಷ, ಮತ್ತೊಮ್ಮೆ ಬಂದರು. ಪರಿಚಯದವರಾದರೂ ಪದ್ಧತಿಯಂತೆ ಊರಲ್ಲಿ ಎಷ್ಟು ಕಾರು ಎಂದು ಕೇಳಿದೆ.

"ಹನ್ನೊಂದ ಅದಾವ್ರಿ ಈಗ" ಎಂದರು. "ನಮ್ಮ ಓಣ್ಯಾಗ ಮೂರು."

"ಹಂಗಾದ್ರ ನಿಮಗ ಕಡಿಮಿ ರೇಟ್ ಬಂತ್ರಿ" ಎಂದು ರಸೀದಿ ಬರೆದು ಕೊಟ್ಟೆ.

ಅವರು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡರು, ಆದರೆ ಏಳಲಿಲ್ಲ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಈಗ ಯಾರೂ ನಮ್ಮ ಬಾಗಲಾ ಬಡ್ಯಾಂಗಿಲ್ರಿ ಅಕ್ಕಾರ" ಎಂದರು. "ಆ ಹೆಚ್ಚಿನ ರೇಟ ಛಲೋ ಇತ್ತು."