ನಿದ್ದೆ ಮಾಡಿಸದೆ ಸೇಲಂವರೆಗೆ

ಬೆಳಿಗ್ಗೆ ಆರೂಕಾಲಿನ ಟೌನ್ ಬಸ್ಸಿಗೆ ನಾವು ಮೂವರು ಹತ್ತಿದೆವು. ನಾನು, ನನ್ನ ಅತ್ತೆ, ಒಂದು ವರ್ಷ ಹತ್ತು ತಿಂಗಳ ನನ್ನ ಮಗಳು ದರ್ಶಿನಿ. ನಮ್ಮೂರಿಂದ ನಲ್ಲಂಪಳ್ಳಿ ಆರು ಕಿಲೋಮೀಟರ್. ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ. ಅಲ್ಲಿಂದ ಸೇಲಂ ಬಸ್ಸು, ಒಂದೂವರೆ ಗಂಟೆಯ ದಾರಿ. ಹತ್ತು ಗಂಟೆಗೆ ಸೇಲಂನ ಒಂದು ಆಸ್ಪತ್ರೆಯಲ್ಲಿ ದರ್ಶಿನಿಯ ಕಿವಿ ಪರೀಕ್ಷೆ ಇತ್ತು. ಮಗು ನಿದ್ದೆಯಲ್ಲಿರುವಾಗಲೇ ಆ ಪರೀಕ್ಷೆ ನಡೆಯಬೇಕಂತೆ. ಅದಕ್ಕಾಗಿ ಬೇಗ ಎಬ್ಬಿಸಿ, ದಾರಿಯಲ್ಲಿ ಒಂದು ಚೂರೂ ಮಲಗಿಸದೆ ಕರೆತನ್ನಿ, ದಾರಿಯಲ್ಲಿ ಮಲಗಿದರೆ ಇಲ್ಲಿ ಮಲಗುವುದಿಲ್ಲ, ಮತ್ತೆ ಮೂರು ವಾರ ಕಾಯಬೇಕಾಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು. ನಾಲ್ಕೂವರೆಗೇ ಎಬ್ಬಿಸಿದ್ದೆ. ಇನ್ನು ಮೂರು ವಾರ ಕಾಯುವ ಶಕ್ತಿ ನನ್ನಲ್ಲಿರಲಿಲ್ಲ.

ದರ್ಶಿನಿ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡಿದ ಮಗು. ನಾಲ್ಕು ತಿಂಗಳಿಗೆ ಬೋರಲು ಬಿದ್ದಳು, ಹನ್ನೊಂದಕ್ಕೆ ನಡೆದಳು. ನಿದ್ದೆಯಲ್ಲಂತೂ ಊರಿಗೇ ಹೆಸರುವಾಸಿ. ಹಸುಗೂಸು ಬೆಚ್ಚಬಾರದು ಎಂದು ಅತ್ತೆ ಮೊದಲ ತಿಂಗಳೇ ಮನೆಯಲ್ಲಿ ಸದ್ದು ನಿಲ್ಲಿಸಿಬಿಟ್ಟಿದ್ದರು. ಅವಳು ಮಲಗಿದ್ದಾಗ ಕುಕ್ಕರ್ ಕೂಗುವಂತಿಲ್ಲ, ಟಿವಿ ಹಾಕುವಂತಿಲ್ಲ. ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುವ ನನ್ನ ಗಂಡ ನೀರಿನ ಟ್ಯಾಂಕಿನ ಹತ್ತಿರವೇ ಬೈಕ್ ಆಫ್ ಮಾಡಿ ಮನೆವರೆಗೆ ತಳ್ಳಿಕೊಂಡು ಬರುತ್ತಿದ್ದರು. ಮಾರಿಯಮ್ಮನ ಹಬ್ಬದ ತಮಟೆಗೂ ಮಗು ಅಲುಗಲಿಲ್ಲವೆಂದು ಬೀದಿಯವರು ಹೊಗಳಿದಾಗ, ನಾವು ಸಾಕಿದ ರೀತಿಯೇ ಅಂಥದ್ದು ಎಂದು ನಾನು ಬೀಗಿದೆ. ಅತ್ತೆ ದೃಷ್ಟಿ ತೆಗೆದರು.

ಮಾತು ಮಾತ್ರ ಬರಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮಗು ಯಾವುದನ್ನು ಹಿಡಿಯಬೇಕು ಎಂದರು ಎಲ್ಲರೂ. ನಾನೂ ನಂಬಿದೆ. ಮಗುವಿನ ಹತ್ತಿರ ತಮಿಳಿನಲ್ಲೇ ಮಾತಾಡಿ ಎಂದು ಅತ್ತೆಗೆ ತಾಕೀತು ಮಾಡಿದೆ. ತಮಿಳಿನಲ್ಲಿ ಸಂತೆ ವ್ಯವಹಾರ ಮಾಡಬಲ್ಲ ಅತ್ತೆಗೆ ಮೊಮ್ಮಗಳನ್ನು ಮುದ್ದು ಮಾಡಲು ಆ ಭಾಷೆ ಒದಗಲಿಲ್ಲ. ಅವರು ಸುಮ್ಮನಾದರು. ಆಮೇಲೊಂದು ದಿನ ಬಾಲವಾಡಿಯಲ್ಲಿ ಯಾರದೋ ಕೈಯಿಂದ ಸ್ಟೀಲ್ ತಟ್ಟೆಗಳ ಅಟ್ಟಿಯೇ ಜಾರಿಬಿತ್ತು. ಹದಿನಾಲ್ಕು ಮಕ್ಕಳು ತಿರುಗಿ ನೋಡಿದವು, ನಮ್ಮದೊಂದು ತಿರುಗಲಿಲ್ಲ. ಟೀಚರ್ ಅಂದೇ ಮನೆಗೆ ಬಂದು ಪರೀಕ್ಷೆ ಮಾಡಿಸಿ ಎಂದರು.

ನಲ್ಲಂಪಳ್ಳಿಯಲ್ಲಿ ಸೇಲಂ ಬಸ್ಸು ಸಿಕ್ಕಿತು. ಕಿಟಕಿ ಪಕ್ಕ ಕೂತೆವು. ಮಳೆ ಹನಿದು ನಿಂತಿತ್ತು, ಗಾಳಿ ತಂಪಾಗಿತ್ತು, ಮಗುವಿನ ಕಣ್ಣು ಎಳೆಯತೊಡಗಿತು. ನಾನು ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದೆ, ನೆಲ್ಲಿಕಾಯಿಯ ಚೂರು ನಾಲಿಗೆಗೆ ಮುಟ್ಟಿಸಿದೆ, ಅಂಗಾಲು ತಿಕ್ಕಿದೆ.

"ಮಗೀಗೆ ತಲೆ ನಿಲ್ತಾ ಇಲ್ಲ. ಒಂದು ಗಳಿಗೆ ಮಲಗಿಸ್ಲಾ?" ಎಂದರು ಅತ್ತೆ.

"ಬ್ಯಾಡ ಅತ್ತೆ. ಅಲ್ಲಿಗೋದ್ಮೇಲೆ ಮಲಗಿಸ್ಬೇಕು."

"ಪಾಪ ಕಣಮ್ಮ. ಇಂತಾ ಪರೀಕ್ಷೆ ಯಾವೂರಲ್ಲೈತೋ."

ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಸಾಲುಗಟ್ಟಿದ ಲಾರಿಗಳ ಹಿಂದೆ ಬಸ್ಸು ತೆವಳಿತು. ತೊಟ್ಟಿಲು ತೂಗುವ ಹಾಗೆ ಬಸ್ಸು ತೂಗುತ್ತಿತ್ತು. ನನಗೆ ಆ ಡ್ರೈವರ್ ಮೇಲೆಯೇ ಸಿಟ್ಟು ಬಂತು. ಮುಂದಿನ ಸೀಟಿನಲ್ಲಿದ್ದ, ಮಡಿಲಲ್ಲಿ ನುಗ್ಗೆಕಾಯಿ ಕಟ್ಟು ಇಟ್ಟುಕೊಂಡಿದ್ದ ಹೆಂಗಸು ತಿರುಗಿ, "ಯಾಕಮ್ಮ, ಕೂಸ್ನ ಇಂಗೆ ಇಂಸೆ ಮಾಡ್ತೀಯ? ಮಲಗ್ಲಿ ಬುಡು" ಎಂದಳು. ಕನ್ನಡ ಕೇಳಿ ಅತ್ತೆಗೆ ಬಲ ಬಂದಂತಾಗಿ ಪರೀಕ್ಷೆಯ ಕಥೆಯನ್ನೆಲ್ಲ ಹೇಳಿಬಿಟ್ಟರು. ಕ್ಷಣದಲ್ಲಿ ಅರ್ಧ ಬಸ್ಸಿಗೆ ವಿಷಯ ಗೊತ್ತಾಯಿತು. ಒಬ್ಬರು ಬಳೆ ಆಡಿಸಿದರು, ಇನ್ನೊಬ್ಬರು ಫೋನಿನಲ್ಲಿ ಹಾಡು ಹಾಕಿದರು. ಕಂಡಕ್ಟರ್ ನಗುತ್ತ ಬಂದು, "ನಾನ್ ಎೞುಪ್ಪುರೇನ್," ನಾನು ಎಬ್ಬಿಸ್ತೀನಿ ಎಂದು, ಮಗುವಿನ ಹಿಂದೆ ನಿಂತು ವಿಸಿಲ್ ಊದಿದರು.

ನುಗ್ಗೆಕಾಯಿ ಹೆಂಗಸು ಬೆಚ್ಚಿದಳು. ಡ್ರೈವರ್ ಬ್ರೇಕ್ ಹಾಕಿದರು. ದರ್ಶಿನಿ ನನ್ನ ಸೆರಗಿನ ಪಿನ್ನನ್ನು ಬೆರಳಲ್ಲಿ ಮುಟ್ಟುತ್ತ ತೂಕಡಿಸುತ್ತಲೇ ಇದ್ದಳು. ಕಂಡಕ್ಟರ್ ನಗು ನಿಂತಿತು. ವಿಸಿಲನ್ನು ಜೇಬಿಗೆ ಹಾಕಿಕೊಂಡು ಮುಂದೆ ಹೋದರು.

"ನಿದ್ದೆ ಮಂಪ್ರು ಅವಳ್ಗೆ" ಎಂದರು ಅತ್ತೆ. ನನ್ನ ಕಡೆ ನೋಡಲಿಲ್ಲ.

ನನಗೆ ಆಗ ಒಂದು ವಿಷಯ ಹೊಳೆಯಿತು. ಬೆಳಿಗ್ಗೆಯಿಂದ ಅವಳನ್ನು ಎಚ್ಚರವಾಗಿಡಲು ನಾನು ನೀರು, ನೆಲ್ಲಿಕಾಯಿ, ಅಂಗಾಲು ಎಲ್ಲವನ್ನೂ ಹಿಡಿದಿದ್ದೆ. ಒಂದು ಸಲವೂ ಹೆಸರು ಹಿಡಿದು ಕೂಗಿರಲಿಲ್ಲ. ನನ್ನ ಕೈಗೆ ಯಾವತ್ತೋ ಗೊತ್ತಾಗಿತ್ತು, ಬಾಯಿ ಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಓಮಲೂರು ದಾಟಿ ಒಂಬತ್ತರ ಹೊತ್ತಿಗೆ ಸೇಲಂ ಹೊಸ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಇಬ್ಬರೂ ಎರಡೆರಡು ಇಡ್ಲಿ ತಿಂದೆವು. ಆಟೋದಲ್ಲಿ ಹತ್ತು ನಿಮಿಷಕ್ಕೆ ಆಸ್ಪತ್ರೆ. ಅಲ್ಲಿಗೆ ಹೋದದ್ದೇ ತಡ, ಮಗುವಿಗೆ ಲವಲವಿಕೆ ಬಂತು! ಪರೀಕ್ಷೆ ಮಾಡುವ ಹುಡುಗಿ ಹಣೆಗೂ ಕಿವಿಯ ಹಿಂದೆಯೂ ಅಂಟಿಸಿದ ವೈರುಗಳನ್ನು ದರ್ಶಿನಿ ಕಿತ್ತು ಹಾಕಿದಳು, ಕುರ್ಚಿ ಹತ್ತಿದಳು. ನಲವತ್ತು ನಿಮಿಷ ಹೀಗೇ ಹೋಯಿತು. ಹೊರಗೆ ಇನ್ನೊಂದು ಮಗು ಕಾಯುತ್ತಿತ್ತು. ನನಗೆ ಅಳು ಬಂತು.

ಕೊನೆಗೆ ಅತ್ತೆ ಚಪ್ಪಲಿ ಬಿಟ್ಟು ನೆಲದ ಮೇಲೆ ಕಾಲು ನೀಡಿ ಕೂತರು. ಹಸುಗೂಸಿಗೆ ನೀರು ಹಾಕುವಾಗ ಮಲಗಿಸಿಕೊಳ್ಳುವ ಹಾಗೆ ಅವಳನ್ನು ಕಾಲಿನ ಮೇಲೆ ಮಲಗಿಸಿ, ಎದೆ ತಟ್ಟುತ್ತ, ಕಾಲು ಅಲ್ಲಾಡಿಸುತ್ತ ಕನ್ನಡದಲ್ಲಿ ಜೋಜೋ ಶುರು ಮಾಡಿದರು. ಮೂರು ತಿಂಗಳಿಂದ ನಾನು ನಿಲ್ಲಿಸಿದ್ದ ಜೋಜೋ. ನಾನು ತಡೆಯಲಿಲ್ಲ. ಐದು ನಿಮಿಷಕ್ಕೆ ಮಗು ಮಲಗಿತು. ಹುಡುಗಿ ವೈರುಗಳನ್ನು ಮತ್ತೆ ಅಂಟಿಸಿ ತುಟಿಯ ಮೇಲೆ ಬೆರಳಿಟ್ಟಳು. ಮುಕ್ಕಾಲು ಗಂಟೆ ನಾವಿಬ್ಬರೂ ಉಸಿರು ಬಿಗಿಹಿಡಿದು, ಕಂಪ್ಯೂಟರಿನಲ್ಲಿ ಏಳದೆ ಮಲಗಿದ್ದ ಗೆರೆಗಳನ್ನು ನೋಡುತ್ತ ಕೂತೆವು.

ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ. ಎರಡೂ ಕಿವಿ ಬಹಳ ಮಂದ, ಹುಟ್ಟಿನಿಂದಲೇ ಇದ್ದಿರಬೇಕು. ಮೊದಲು ಮೆಷಿನ್ ಹಾಕಿ ನೋಡೋಣ, ಸಾಲದಿದ್ದರೆ ಆಪರೇಷನ್ ಇದೆ, ಬೇಗ ಶುರು ಮಾಡಿದರೆ ಮಾತು ಬರುವ ಭರವಸೆಯೂ ಇದೆ ಎಂದರು. ಮೆಷಿನ್ನಿಗೆಂದು ಅಲ್ಲೇ ಕಿವಿಯ ಅಚ್ಚು ತೆಗೆದು, ಎರಡು ವಾರ ಬಿಟ್ಟು ಬರಲು ಹೇಳಿದರು. ಕೊನೆಗೆ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು.

"ಕನ್ನಡ. ಆದರೆ ನಿಲ್ಲಿಸಿದ್ದೇವೆ" ಎಂದೆ, ತಮಿಳಿನಲ್ಲಿ.

"ಏಕೆ ನಿಲ್ಲಿಸಿದಿರಿ? ನಿಮಗೆ ಬಾಯಿ ತುಂಬ ಬರುವ ಭಾಷೆಯಲ್ಲೇ ಮಾತಾಡಿ. ಹತ್ತಿರ ಕೂತು, ಮುಖ ತೋರಿಸಿ."

ಅತ್ತೆಯ ಮುಖ ನೋಡಲು ನನಗೆ ನಾಚಿಕೆಯಾಯಿತು.

ಎರಡೂವರೆಯ ಬಸ್ಸಿಗೆ ಹೊರಟೆವು. ಈಗ ಮಗು ಎಷ್ಟು ಬೇಕಾದರೂ ಮಲಗಬಹುದಿತ್ತು, ಓಮಲೂರಿನವರೆಗೆ ಕುಣಿದಳು. ಅತ್ತೆ ಅವಳ ಎದುರಿಗೆ ಮುಖ ಹಿಡಿದು ಲಾರಿ, ಬೆಟ್ಟ, ಕೋತಿ ಎಂದು ದಾರಿಯುದ್ದಕ್ಕೂ ಕನ್ನಡದಲ್ಲಿ ಹೇಳುತ್ತಲೇ ಇದ್ದರು. ಮೂರು ತಿಂಗಳ ಬಾಕಿ ಮಾತೆಲ್ಲ ಅದರಲ್ಲಿತ್ತು. ಘಾಟಿ ಏರುವಾಗ ಮಗು ಅವರ ಹೆಗಲ ಮೇಲೆ ಮಲಗಿತು.

ಐದರ ಸುಮಾರಿಗೆ ನಮ್ಮೂರ ಟ್ಯಾಂಕಿನ ಹತ್ತಿರ ಟೌನ್ ಬಸ್ಸಿನಿಂದ ಇಳಿದೆವು. ನನ್ನ ಗಂಡ ಸೊಸೈಟಿಯಿಂದ ಬೈಕಿನಲ್ಲಿ ಎದುರು ಬಂದರು. ವಿಷಯವನ್ನು ಮಧ್ಯಾಹ್ನವೇ ಫೋನಿನಲ್ಲಿ ಹೇಳಿದ್ದೆ. ಅತ್ತೆಯ ಹೆಗಲ ಮೇಲೆ ಮಲಗಿದ್ದ ಮಗಳನ್ನು ಕಂಡವರೇ ಬೈಕ್ ಆಫ್ ಮಾಡಿದರು. ಕಣ್ಣು ಕೆಂಪಾಗಿತ್ತು. ನಮ್ಮ ಜೊತೆ ಬೈಕ್ ತಳ್ಳಿಕೊಂಡು ನಡೆದರು.

ಪಕ್ಕದ ಮನೆಯ ನಾಯಿ ನಮ್ಮನ್ನು ನೋಡಿ ಬೊಗಳತೊಡಗಿತು. ಅತ್ತೆ ಬೆರಳೆತ್ತಿ ಅದನ್ನು ಗದರಿಸಿದರು:

"ಶ್! ಮಗು ಮಲಗೈತೆ."

ಹೇಳಿದ ಮೇಲೆ ಬೆರಳನ್ನು ಇಳಿಸಲಾಗದೆ ಹಾಗೇ ನಿಂತುಬಿಟ್ಟರು. ನಾಯಿ ಬೊಗಳುತ್ತಲೇ ಇತ್ತು. ನಾನು ಅವರ ಕೈ ಹಿಡಿದುಕೊಂಡೆ. ಉಳಿದ ದಾರಿಯನ್ನು ನಾವು ನಾಲ್ವರೂ ಎಂದಿನ ಹಾಗೆ ಸದ್ದು ಮಾಡದೆ ನಡೆದು ಮನೆ ಸೇರಿದೆವು.