ಬೆಟ್ಟಮ್ಮ ಕಟ್ಟಿದ ಎರಡನೆಯ ಗೋಡೆ

ಚಿನಕುರಳಿಯ ನಮ್ಮ ಬೀದಿಯ ಕೊನೆಯಲ್ಲಿ ನೆಲ ಒಮ್ಮೆಲೇ ಆಳೆತ್ತರ ತಗ್ಗಿಗೆ ಇಳಿಯುತ್ತದೆ. ಮೇಲೆ ಜವರಯ್ಯನವರ ದನದ ಕೊಟ್ಟಿಗೆ, ಕೆಳಗೆ ಬೆಟ್ಟಮ್ಮನ ಮನೆ. ನಡುವೆ ಮಣ್ಣು ಜರುಗದಂತೆ ತಡೆದು ನಿಲ್ಲಿಸಿದ್ದು ಒಂದು ಕಲ್ಲಿನ ಗೋಡೆ. ಬೆಟ್ಟಮ್ಮನ ಗಂಡ ಚಿಕ್ಕಯ್ಯ ಅದನ್ನು ಕಟ್ಟಿದ್ದು ಮದುವೆಯಾದ ವರ್ಷ. ಒಂದು ಹಿಡಿ ಸಿಮೆಂಟು ಮುಟ್ಟಿಸದೆ, ಕ್ವಾರಿಯವರು ಬೇಡವೆಂದು ಬಿಟ್ಟ ಕಲ್ಲುಗಳನ್ನೇ ತಂದು ಒಂದರ ಮೇಲೊಂದು ಕೂರಿಸಿದ್ದ.

ಬೆಟ್ಟಮ್ಮನಿಗೆ ಆಗ ಹತ್ತೊಂಬತ್ತು. ನಾಗಮಂಗಲದ ಕಡೆಯ ಹಳ್ಳಿಯಿಂದ ಬಂದವಳಿಗೆ ರಾಗಿ ಹೊಲ ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಕಲ್ಲಿನ ಸಂದಿಗೆ ಸಿಕ್ಕಿಸುವ ಚಕ್ಕೆಗಳನ್ನು ಆರಿಸಿಕೊಡುವುದು ಅವಳ ಪಾಲಿಗೆ ಬಂತು. ಮೊದಮೊದಲು ಚಿಕ್ಕಯ್ಯ ಅವಳು ಕೊಟ್ಟ ಚಕ್ಕೆಯನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಎಸೆಯುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ನೋಡದೆಯೇ ಕೈ ಚಾಚತೊಡಗಿದ.

"ಅವತ್ತು ಬಂಗಾರ ತಂದ್ಕೊಟ್ಟಿದ್ರೂ ನಂಗೆ ಅಷ್ಟು ಕುಸಿ ಆಯ್ತಿರ್ನಿಲ್ಲ ಕಣಣ್ಣ" ಎಂದು ಆಕೆ ನನಗೆ ಎಷ್ಟೋ ಸಲ ಹೇಳಿದ್ದಾಳೆ. ನಾನು ಅವರ ಎದುರುಮನೆಯವನು.

ಆ ಗೋಡೆ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಚಳಿಗಾಲದ ಬೆಳಗ್ಗೆ ಬಿಸಿಲು ಮೊದಲು ಬೀಳುತ್ತಿದ್ದದ್ದು ಅಲ್ಲಿಗೇ. ಬೆಟ್ಟಮ್ಮ ಅದರ ಬುಡದಲ್ಲಿ ಕೂತು ಮಗಳು ಪ್ರಿಯಾಂಕಳ ತಲೆ ಬಾಚುತ್ತಿದ್ದಳು. ಮಳೆ ಬಂದ ಮರುದಿನ ಅಷ್ಟೂ ಸಂದಿಗಳಿಂದ ನೀರು ಜಿನುಗುತ್ತಿತ್ತು. ಮಗು ಒಂದೊಂದು ಸಂದಿಗೂ ಬೆರಳಿಟ್ಟು ನೀರು ನಿಲ್ಲಿಸಲು ಹೋಗುತ್ತಿತ್ತು, ಚಿಕ್ಕಯ್ಯ ಬೀಡಿ ಹಚ್ಚಿಕೊಂಡು ನೋಡುತ್ತ ನಗುತ್ತಿದ್ದ. ಒಮ್ಮೆ ಬೆಟ್ಟಮ್ಮ, "ಇದ್ಕೆ ಒಸಿ ಸಿಮೆಂಟು ಮೆತ್ಬುಡಿ, ಚೆಂದಾಗಿ ಕಾಣ್ತದೆ" ಅಂದಾಗ ಅವನು ಬೇಡವೆಂದು ತಲೆಯಾಡಿಸಿದ್ದ.

"ಅಂಗೆಲ್ಲ ಮೆತ್ಬಾರ್ದು ಕಣಮ್ಮಿ. ನೀರು ಒಳ್ಗೇ ನಿಂತ್ಕಂಡ್ರೆ ಗೋಡೆ ತಡ್ಕಂಡಾದಾ?"

ಎಂಟು ವರ್ಷದ ಹಿಂದೆ ಚಿಕ್ಕಯ್ಯ ತೀರಿಕೊಂಡ. ಬೆಟ್ಟಮ್ಮ ಗಂಜಾಂನಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಕಾಂಕ್ರೀಟು ಹೊರಲು ಹೋಗತೊಡಗಿದಳು. ಎರಡು ವರ್ಷ ಕಳೆದು ಪ್ರಿಯಾಂಕಳಿಗೆ ಹೊಸಹೊಳಲಿನ ಸಂಬಂಧ ಕೂಡಿಬಂತು. ಮನೆಯ ಮುಂದೆಯೇ ಚಪ್ಪರ. ನೋಡಲು ಬಂದ ನೆಂಟರು, ಈ ಗೋಡೆಯ ಸಂದಿಗಳಲ್ಲಿ ಹಾವು ಸೇರಿಕೊಂಡೀತು, ಗಂಡಿನ ಕಡೆಯವರು ಏನಂದುಕೊಂಡಾರು ಎಂದರು. ಬೆಟ್ಟಮ್ಮ ಆಳು ಕರೆಸಿ ಇಡೀ ಗೋಡೆಗೆ ಸಿಮೆಂಟಿನ ಗಾರೆ ಮೆತ್ತಿಸಿ ಸುಣ್ಣ ಬಳಿಸಿದಳು. ಮದುವೆಯ ಫೋಟೋಗಳಲ್ಲಿ ಗೋಡೆ ಬೆಳ್ಳಗೆ ಹೊಳೆಯುತ್ತದೆ.

ಮೂರನೆಯ ಮಳೆಗಾಲಕ್ಕೆ ಅದು ನಡುವಿನಲ್ಲಿ ಹೊಟ್ಟೆ ಬಿಟ್ಟಂತೆ ಉಬ್ಬಿತು. ಒಂದು ಭಾನುವಾರ ಬೆಳಗ್ಗೆ, ಬೆಟ್ಟಮ್ಮ ಹಾಲಿಗೆಂದು ಡೈರಿಗೆ ಹೋಗಿದ್ದಾಗ, ಲಾರಿ ಕಲ್ಲು ಸುರಿದಂತೆ ಸದ್ದಾಯಿತು. ನಾವೆಲ್ಲ ಓಡಿದೆವು. ಮೂವತ್ತಮೂರು ವರ್ಷ ನಿಂತ ಗೋಡೆ ಅಂಗಳದ ತುಂಬ ಬಿದ್ದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಮೇಲೆ ಕೊಟ್ಟಿಗೆಯ ಒಂದು ಕಂಬ ಬುಡವಿಲ್ಲದೆ ನೇತಾಡುತ್ತಿತ್ತು.

ಬೆಟ್ಟಮ್ಮ ಬಂದು ಕಲ್ಲಿನ ರಾಶಿಯ ಮೇಲೆ ಕೂತಳು. ಅಳಲಿಲ್ಲ. ಸುಣ್ಣ ಹತ್ತಿದ ಒಂದು ಗಾರೆ ಹೆಂಟೆಯನ್ನು ಕೈಗೆತ್ತಿಕೊಂಡು, "ಮಳೆ ಅಲ್ಲ ಕಣಣ್ಣ. ನಾನೇ ಕೆಡವ್ಬುಟ್ಟೆ" ಎಂದಳು.

ಕ್ವಾರಿ ಮುಚ್ಚಿ ಬಹಳ ಕಾಲವಾಗಿತ್ತು; ಹಾಗೆ ಕಲ್ಲು ಕೂರಿಸುವ ಕೈಗಳೂ ಊರಲ್ಲಿ ಉಳಿದಿರಲಿಲ್ಲ. ಜವರಯ್ಯ ಕಾಂಕ್ರೀಟ್ ಬ್ಲಾಕು, ಕಂಬಿ, ಸಿಮೆಂಟು ತಾವು ತರಿಸುವುದಾಗಿ ಹೇಳಿ, ಮೇಸ್ತ್ರಿ ಯಾರನ್ನು ಕರೆಯೋಣ ಎಂದರು.

"ಯಾರ್ನೂ ಬ್ಯಾಡಿ. ನಾನೇ ಕಟ್ತೀನಿ" ಎಂದಳು ಬೆಟ್ಟಮ್ಮ.

ಜವರಯ್ಯ ನಕ್ಕರು. ಆಕೆ ನಗಲಿಲ್ಲ. ಐದು ವರ್ಷ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತವಳು ಕಣ್ಣು ಮುಚ್ಚಿಕೊಂಡು ಹೊತ್ತಿರಲಿಲ್ಲ. ಗಂಜಾಂನ ಮೇಸ್ತ್ರಿ ಸೋಮಯ್ಯನಿಗೆ ಫೋನು ಮಾಡಿದಳು. ಅವನು ಪಾಯದ ಎರಡು ದಿನ ಮಾತ್ರ ಜೊತೆಗಿದ್ದ. ಗಟ್ಟಿ ನೆಲ ಸಿಗುವ ತನಕ ತೋಡಿಸಿ, ಅಗಲವಾದ ಕಾಂಕ್ರೀಟು ಹಾಕಿ, ಅದರಿಂದ ಕಂಬಿಗಳನ್ನು ನೇರವಾಗಿ ಮೇಲೆ ನಿಲ್ಲಿಸಿದರು. ಕಂಬಿ ಬ್ಲಾಕಿನ ಪೊಳ್ಳಿನಲ್ಲಿ ಮಣ್ಣಿನ ಮಗ್ಗುಲಿಗೆ ಬರಬೇಕು, ನೂಕು ಬರುವುದು ಆ ಕಡೆಯಿಂದ ಎಂದು ಸೋಮಯ್ಯ ಬಾಯಿ ತೆರೆಯುವ ಮೊದಲೇ ಬೆಟ್ಟಮ್ಮ ಹೇಳಿದಳು. ಅವನು ಟವೆಲ್ಲು ಕೊಡವಿ, "ಇನ್ ನಂದೇನೈತೆ ಇಲ್ಲಿ?" ಎಂದು ಬಸ್ಸು ಹತ್ತಿದ.

ಆಮೇಲೆ ಆಕೆಯೇ. ಪೊಳ್ಳು ಬ್ಲಾಕುಗಳನ್ನು ಕಂಬಿಗೆ ಪೋಣಿಸಿದಂತೆ ಇಳಿಸುವುದು, ಎರಡು ಸಾಲಿಗೊಮ್ಮೆ ಅಡ್ಡ ಕಂಬಿ ಮಲಗಿಸುವುದು, ಪೊಳ್ಳಿಗೆ ಕಾಂಕ್ರೀಟು ಸುರಿದು ಗಾಳಿ ಉಳಿಯದಂತೆ ಸರಳಿನಿಂದ ಕುಟ್ಟುವುದು. ಬುಡದ ಸಾಲಿನಲ್ಲಿ ನಾಲ್ಕಡಿಗೊಂದು ಪೈಪು ಇಟ್ಟಳು, ನೀರು ಹೊರಬರಲು. ಪೈಪಿಡುವಾಗ ಮಾತ್ರ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಗೋಡೆ ಎದೆಮಟ್ಟ ದಾಟಿದ ಮೇಲೆ ಜವರಯ್ಯನವರಿಗೆ ತಾಳ್ಮೆ ತಪ್ಪಿತು. ಅವರ ಹಸುಗಳು ನನ್ನ ಅಂಗಳದಲ್ಲಿದ್ದವು, ನನ್ನ ಹೆಂಡತಿಯ ಹೂವಿನ ಗಿಡ ಒಂದೂ ಉಳಿದಿರಲಿಲ್ಲ. ಟ್ರಾಕ್ಟರಿನಲ್ಲಿ ಮಣ್ಣು ತರಿಸಿಯೇಬಿಟ್ಟರು.

"ನಾಳೀಕೆ ತುಂಬ್ಬುಡನ ಕಣಮ್ಮ."

"ಆಗಕಿಲ್ಲ ಗೌಡ್ರೇ. ಒಳಗಿನ್ನೂ ಹಸಿ. ಈಗ್ಲೇ ಮಣ್ಣು ಒತ್ತಿದ್ರೆ ವಾಲ್ತದೆ. ಎರಡು ವಾರ ನೀರುಣಿಸ್ಬೇಕು."

"ದನ ಎಲ್ ಕಟ್ಲಿ ಅಲ್ಲೀಗಂಟ?"

"ನಮ್ಮನೆ ಜಗ್ಲಿ ಮೇಲೆ ಕಟ್ಟಿ. ಮಣ್ಣು ಮಾತ್ರ ಬ್ಯಾಡಿ."

ಅವರು ಗೊಣಗುತ್ತ ಟ್ರಾಕ್ಟರು ವಾಪಸು ಕಳಿಸಿದರು. ಆ ಎರಡು ವಾರ ಬೆಟ್ಟಮ್ಮ ಬೆಳಗ್ಗೆ ಸಂಜೆ ಗೋಡೆಗೆ ನೀರು ಹಾಕಿದಳು. ಮಧ್ಯಾಹ್ನ ಹಳೆಯ ಗೋಡೆಯ ರಾಶಿಯ ಮುಂದೆ ಕೂತು, ಹೊಸ ಗೋಡೆಯ ಬೆನ್ನಿಗೆ ತುಂಬಲು ಚಕ್ಕೆಗಳನ್ನು ಬೇರೆ ಮಾಡಿದಳು; ಅಲ್ಲಿ ಬರೀ ಮಣ್ಣು ತುಂಬಿದರೆ ನೀರು ಪೈಪಿನವರೆಗೆ ಇಳಿಯುವುದಿಲ್ಲ. ಎಸೆದರೆ ಸಾಕಾಗುವ ಕೆಲಸ. ಆದರೂ ಒಂದೊಂದನ್ನೂ ತಿರುಗಿಸಿ ನೋಡಿ ಇಡುತ್ತಿದ್ದಳು. ಒಂದು ದಿನ ನಾನು ಕಾಫಿ ಕೊಡಲು ಹೋದಾಗ ಕೈಯಲ್ಲೊಂದು ಚಕ್ಕೆ ಹಿಡಿದು ಸುಮ್ಮನೆ ಕೂತಿದ್ದಳು.

"ಇದು ಮ್ಯಾಲಿಂದ ಮೂರ್ನೇ ಸಾಲಿಂದು. ಇದ್ನ ಕೊಟ್ಟಾಗ ಅವ್ರು, 'ನೀನು ಕಲ್ತ್ಕಂಬುಟ್ಟೆ ಬುಡು' ಅಂದಿದ್ರು" ಎಂದಳು. ಆಗ ಅತ್ತಳು. ಕಾಫಿ ಆರಿಹೋಯಿತು. ನಾನು ಬಿಸಿ ಮಾಡಿಸಿ ತಂದೆ.

ಆ ವರ್ಷದ ಹಿಂಗಾರು ಜೋರಾಗಿಯೇ ಬಂತು. ಗೋಡೆ ಕೂದಲೆಳೆಯಷ್ಟೂ ಸರಿಯಲಿಲ್ಲ. ಜವರಯ್ಯ ಪಾಂಡವಪುರದ ತಮ್ಮ ನೆಂಟರಿಗೆಲ್ಲ ಅದನ್ನು ತೋರಿಸಿ, ತಾವೇ ಕಟ್ಟಿದಂತೆ ಹೇಳಿಕೊಂಡರು. ಬೆಟ್ಟಮ್ಮ ಮತ್ತೆ ಬಾಂಡ್ಲಿ ಹೊರಲು ಹೋಗಲಿಲ್ಲ. ಅಳಿಯನ ಊರಿನಲ್ಲಿ ಒಂದು, ಶ್ರೀರಂಗಪಟ್ಟಣದ ಕಡೆ ಎರಡು ಗೋಡೆ ಕಟ್ಟಿದ್ದಾಳೆ. ಈಗ ಆಕೆಗೆ ಐವತ್ತೈದು.

ಹೋದ ತಿಂಗಳು ಕೆ.ಆರ್.ಪೇಟೆಯಿಂದ ಒಬ್ಬರು ಬೈಕಿನಲ್ಲಿ ಬಂದು, "ತಡೆಗೋಡೆ ಕಟ್ಟೋ ಮೇಸ್ತ್ರಿ ಮನೆ ಯಾವ್ದು?" ಎಂದು ನನ್ನನ್ನು ಕೇಳಿದರು. ಬೆಟ್ಟಮ್ಮ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ಅವರು ಮೇಸ್ತ್ರಿ ಒಳಗಿದ್ದಾರೆಯೇ ಎಂದರು. ಆಕೆ ಮೊರ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದಳು:

"ನಿಮ್ ಕಡೆ ಮಣ್ಣು ಎಂತದು? ಕೆಂಪೋ, ಎರೆಯೋ?"